ಮಧ್ಯಾಹ್ನದ ತೊಗರಿ ಎಲೆ

ಅವ್ವಾ,

ನೀನಿದ್ದಾಗಲೂ ನಿನಗೆ ಓದಲು ಬರುತ್ತಿರಲಿಲ್ಲ. ಆದರೂ ಇವತ್ತು ನನ್ನ ತರಗತಿಯಲ್ಲಿ ನಡೆದದ್ದನ್ನು ನಿನಗೇ ಹೇಳಬೇಕು.

ಮಕ್ಕಳಿಗೆ ತೊಗರಿ ಎಲೆ ತೋರಿಸುತ್ತಿದ್ದೆ. ಬೆಳಿಗ್ಗೆ ಒಂದು, ಮಟಮಟ ಮಧ್ಯಾಹ್ನ ಒಂದು ಎಲೆಯ ಬೆನ್ನಿಗೆ ಉಗುರುಬಣ್ಣ ಹಚ್ಚಿ, ಒಣಗಿದ ಮೇಲೆ ಆ ಪೊರೆಯನ್ನು ಸುಲಿದು ಸೂಕ್ಷ್ಮದರ್ಶಕದಡಿ ಇಟ್ಟೆ. ಬೆಳಗಿನ ಎಲೆಯ ಸಣ್ಣ ಸಣ್ಣ ಬಾಯಿಗಳೆಲ್ಲ ತೆರೆದಿದ್ದವು. ಮಧ್ಯಾಹ್ನದವು ಮುಚ್ಚಿದ್ದವು. ಇದ್ದ ನೀರು ಆರಿಹೋಗದಿರಲೆಂದು ಅಕ್ಕಪಕ್ಕದ ಜೀವಕೋಶಗಳೇ ಹಾಗೆ ಮುಚ್ಚುತ್ತವೆ, ಆದರೆ ಗಿಡದ ಆಹಾರಕ್ಕೆ ಬೇಕಾದ ಗಾಳಿಯೂ ಅದೇ ಬಾಯಿಂದ ಬರಬೇಕು ಎಂದೆ.

"ಹಂಗಾದ್ರ ಎಷ್ಟ್ ದಿನಾ ಬಾಯಿ ಮುಚ್ಕೊಂಡ್ ಇರ್ತದ್ರೀ ಟೀಚರ್?" ಎಂದು ಜಸ್ಮೀನ ಕೇಳಿದಳು.

ನಾನು ಹಲಗೆಯತ್ತ ತಿರುಗಿದೆ.

ಕಲಬುರಗಿಯ ಡಾಕ್ಟರೂ ನಿನ್ನನ್ನು ಹೀಗೇ ಕೇಳಿದ್ದರು. "ಹೊಲದಾಗ ನೀರೇ ಕುಡಿಯಂಗಿಲ್ಲಂದ್ರ? ಎಷ್ಟ್ ವರ್ಷ ಆತವ್ವಾ ಹಿಂಗ?"

ನೀನು ಸೆರಗು ಬಾಯಿಗಿಟ್ಟುಕೊಂಡು ಹೇಳಿದೆ: "ಸುತ್ತ ಗಂಡಸ್ರು ಇರ್ತಾರ್ರಿ. ಕಳೆ ತಗಿಯೂ ಮುಂದ ತೊಗರಿ ಇನ್ನಾ ಮೊಣಕಾಲಮಟ ಇರ್ತದ. ಕುಡದ್ರ ಒಂದಕ್ಕ ಎಲ್ಲಿ ಕೂಡೂದ್ರಿ?"

ಅಷ್ಟರಲ್ಲಿ ಎರಡೂ ಕಿಡ್ನಿ ಹೋಗಿದ್ದವು.

ನೆಲೋಗಿಯ ಆ ಹೊಲಕ್ಕೆ ದಿನಾ ನೀರು ಹೊತ್ತು ತರುತ್ತಿದ್ದವಳು ನಾನೇ. ನೀನು ತುಟಿ ತೋಯಿಸಿಕೊಂಡು ಕೊಡವನ್ನು ತುಂಬಿದ ಹಾಗೇ ವಾಪಸು ಕೊಡುತ್ತಿದ್ದೆ. ಯಾಕೆ ಕುಡಿಯಲಿಲ್ಲ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಹೊರಲು ಭಾರವೆಂದು, ನಿನ್ನ ಕಣ್ಣು ತಪ್ಪಿಸಿ, ಅಷ್ಟೂ ನೀರನ್ನು ತೊಗರಿಯ ಬುಡಕ್ಕೆ ಸುರಿದು ಬರುತ್ತಿದ್ದೆ.

ಮಹಾನಂದಾ