ಕಟ್ಟಿದ ಕಾರಿಗೆ ಬ್ರೇಕು

ಕ್ವಾರ್ಟ್ಸೈಟ್, ಅರಿಜೋನ
ಫೆಬ್ರುವರಿ 11

ಡೆಲ್ಮರ್,

ನಾನು ಕ್ಷೇಮ. ನೀನೂ ಕ್ಷೇಮವಾಗಿಯೇ ಇರುತ್ತೀ, ನಿನ್ನಂಥವರಿಗೆ ಏನೂ ಆಗುವುದಿಲ್ಲ. ನಿನ್ನ ಕಾಗದ ಬಂದು ಆರು ವಾರವಾಯಿತು. ತಡವಾದದ್ದಕ್ಕೆ ಕ್ಷಮಿಸು, ಮೂರು ಸಲ ಬರೆದು ಹರಿದು ಹಾಕಿದೆ. ಅಷ್ಟೊಂದು ಬೈಗುಳ ಹೊರಲು ಅಂಚೆಯವಳೇನು ಪಾಪ ಮಾಡಿದ್ದಾಳೆ? ಪತ್ರಕ್ಕೆ ಮೂರು ಗುಣ ಇರಬೇಕು ಅಂತ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು. ಒಂದು ಸ್ಪಷ್ಟತೆ. ಉಳಿದೆರಡು ಮರೆತಿದ್ದೇನೆ, ಒಂದು ಸೌಜನ್ಯ ಇದ್ದಿರಬೇಕು.

ಮೋಟಾರ್‌ಹೋಮ್ ಕೊಂಡೆಯಂತೆ, ನನ್ನದರಂಥದ್ದೇ ಚಕ್ರದ ಮೇಲಿನ ಮನೆ. ಹಿಂದೆ ಕಾರು ಕಟ್ಟಿ ಎಳೆಯಲು ಯಾವ ಟೋ ಬಾರ್ ಒಳ್ಳೆಯದು, ಕಾರಿಗೆ ಬೇರೆ ಬ್ರೇಕು ಬೇಕೇ ಅಂತ ಕೇಳಿದ್ದೀ. ನನ್ನನ್ನು!

ಕೇಳು. ತೂಕ ಊಹಿಸಬೇಡ, ಲಾರಿ ತೂಗುವ ಕಡೆ ಹೋಗಿ ಕಾರನ್ನು ತೂಗಿಸು. ಅದಕ್ಕಿಂತ ಸಾವಿರ ಪೌಂಡಾದರೂ ಹೆಚ್ಚು ತಾಳುವ ಟೋ ಬಾರ್ ಕೊಳ್ಳು. ಪೆಡಲಿನ ಮುಂದೆ ಇಡುವ ಬ್ರೇಕಿನ ಪೆಟ್ಟಿಗೆ ಅಗ್ಗ, ಆದರೆ ಪ್ರತಿ ಸಲ ಇಟ್ಟು ತೆಗೆಯಬೇಕು. ನೀನು ಸೋಮಾರಿ, ಮರೆಯುತ್ತೀ. ಕಾರಿನೊಳಗೇ ಕಾಯಮ್ಮಾಗಿ ಕೂರುವಂಥದ್ದನ್ನು ಹಾಕಿಸು. ಟೋ ಬಾರ್ ಮುರಿದರೆ ಕಾರನ್ನು ತಾನಾಗಿ ನಿಲ್ಲಿಸುವ ತಂತಿಯನ್ನೂ.

ಮೂರು ವರ್ಷದ ಹಿಂದೆ ಇದೇ ಪ್ರಶ್ನೆ ನಾನು ನಿನಗೆ ಹಾಕಿದ್ದೆ. ಲಾರಿ ಓಡಿಸಿದವನು, ತಿಳಿದವನು ಅಂತ. ನಮ್ಮ ಅಂಗಳದಲ್ಲಿ ಬಿಯರ್ ಹಿಡಿದು ನಿಂತು ನೀನು ಅಂದೆ: "ಏನ್ ಭಾವ, ಈ ಇಲಿಮರೀಗೆ ಬೇರೆ ಬ್ರೇಕಾ? ಬಾಲದ ಮೇಲೆ ನೊಣ ಕೂತ್ರೆ ಆನೆಗೆ ಗೊತ್ತಾಗುತ್ತಾ?"

ನಿನ್ನ ಅಕ್ಕ ವೆರ್ಲಾ ಬಿಡಲಿಲ್ಲ. "ಲೋ ಡೆಲ್ಮರ್, ಬೆಟ್ಟ ಇಳಿಯೋವಾಗ ಆ ನೊಣಾನೇ ಆನೇನ ತಳ್ಳುತ್ತೆ ಕಣೋ. ರೀ, ಅವನ ಮಾತು ಕೇಳ್ಬೇಡಿ, ಬ್ರೇಕ್ ಹಾಕ್ಸಿ."

ನಾವಿಬ್ಬರೂ ನಕ್ಕೆವು.

ಮೊದಲ ದೊಡ್ಡ ಇಳಿಜಾರಿನಲ್ಲೇ ಕಾರು ನನ್ನ ಗಾಡಿಯನ್ನು ತಳ್ಳಿತು. ಚಕ್ರಗಳಿಂದ ಹೊಗೆ ಎದ್ದಿತು. ಕೆಳಗೆ ನಿಂತ ಮೇಲೆ ವೆರ್ಲಾ ಕಾರನ್ನು ಬಿಚ್ಚಿದಳು. "ಬ್ರೇಕ್ ಹಾಕ್ಸೋವರ್ಗೂ ಇದನ್ನ ಕಟ್ಟೋದು ಬೇಡ. ನಾನೇ ಹಿಂದೆ ಓಡಿಸ್ಕೊಂಡ್ ಬರ್ತೀನಿ."

ನಾನು ಹಾಕಿಸಲಿಲ್ಲ. ಹಾಕಿಸಿದರೆ ಅವಳು ಗೆದ್ದಂತೆ. ಎರಡು ಚಳಿಗಾಲ, ಬಿಸಿಲು ಹುಡುಕಿ ಈ ಕಡೆ ಬರುವಾಗ, ಅವಳು ಒಬ್ಬಳೇ ಆ ಕಾರಿನಲ್ಲಿ ನನ್ನ ಹಿಂದೆ ಬಂದಳು. ನನ್ನ ಪಕ್ಕದ ಸೀಟಿನಲ್ಲಿ ನಕಾಶೆ ಕೂತಿತ್ತು. ಹಾಗೆ ಒಬ್ಬಳೇ ಇದ್ದಾಗಲೇ ಅವಳ ಎದೆಬಡಿತ ನಿಂತದ್ದು.

ಮಣ್ಣು ಮಾಡಿದ ದಿನ ನೀನು ನನ್ನ ಹೆಗಲು ತಟ್ಟಿ "ದೇವರ ಇಚ್ಛೆ, ಭಾವ" ಅಂದೆ. ದೇವರದ್ದಲ್ಲ ಕಣೋ. ನಿನ್ನ ನೊಣದ್ದು.

ನಿನ್ನ ಹೆಂಡತಿ ನಿನ್ನ ಪಕ್ಕದಲ್ಲೇ ಕೂತು, ದಾರಿಯುದ್ದಕ್ಕೂ ನಿನ್ನನ್ನು ಬೈಯುತ್ತ ನೂರು ವರ್ಷ ಬಾಳಲಿ. ಈ ಕಡೆ ಬಂದರೆ ನನ್ನನ್ನು ಹುಡುಕಬೇಡ.

ನಿನ್ನ ಅಕ್ಕನ ಗಂಡ,
ಆರ್ಲಿನ್

ತಾ.ಕ.: ನಿನಗೆ ಒಂದು ಮಾತು ಹೇಳಿರಲಿಲ್ಲ. ಅವಳು ರಸ್ತೆ ಬದಿಗೆ ಸರಿದದ್ದು ನನಗೆ ಕನ್ನಡಿಯಲ್ಲಿ ಕಂಡಿತ್ತು. ಎರಡು ಸಲ ದೀಪ ಹಾಕಿ ಆರಿಸಿದಳು. ಬೆಳಿಗ್ಗೆ ಬ್ರೇಕಿನ ವಿಷಯಕ್ಕೇ ಜಗಳವಾಗಿತ್ತು. ನಿಂತರೆ ನಿಲ್ಲಲಿ ಅಂತ ಹನ್ನೊಂದು ಮೈಲಿ ಹೋದೆ. ನನ್ನ ಗಾಡಿಯ ಬ್ರೇಕು ಚೆನ್ನಾಗಿಯೇ ಇತ್ತು, ಡೆಲ್ಮರ್.