ಹನ್ನೊಂದನೇ ನಂಬರ್ ಗಾಡಿಯ ಗೊರಗೊರ

1 ನವೆಂಬರ್ 1999, ಸೋಮವಾರ

ನನ್ನ ಟ್ಯಾಕ್ಸಿ ವ್ಯಾನಿನ ವೈರ್‌ಲೆಸ್ ಸೆಟ್ಟಿನ ಗೊರಗೊರ ಇಲ್ಲಿವರೆಗೆ ತಿಂದದ್ದು: ಪ್ಲಗ್ ವೈರು ಒಂದು ಸೆಟ್, ಸದ್ದು ತಡೆಯೋ ಫಿಲ್ಟರ್ ಎರಡು, ದಸರಾ ಹಬ್ಬದಿಂದೀಚೆಗಿನ ಏರ್‌ಪೋರ್ಟ್ ಟ್ರಿಪ್ಪೆಲ್ಲ, ಹೆಂಡತಿ ಆಂಜನಮ್ಮನ ನಗುಮುಖ. ವ್ಯಾನು ಸ್ಟಾರ್ಟ್ ಮಾಡಿದರೆ ಸ್ಪೀಕರಿನಲ್ಲಿ ಕಡಲೆ ಹುರಿದ ಹಾಗೆ. ಆಕ್ಸಿಲರೇಟರ್ ಒತ್ತಿದಷ್ಟೂ ಜೋರು. ಆಫ್ ಮಾಡಿದರೆ ಗಪ್‌ಚಿಪ್.

ಬೆಳಿಗ್ಗೆ ಟ್ಯಾಕ್ಸಿ ಕಂಪನಿಗೆ ಹೋದೆ. ಕಂಟ್ರೋಲ್ ರೂಮಿನ ಸುಕನ್ಯ ತಲೆ ಎತ್ತಲಿಲ್ಲ. "ಹನ್ನೊಂದು ಹನ್ನೊಂದು ಅಂತ ಕೂಗಿ ಗಂಟಲು ಬಿದ್ದೋಗಿದೆ ಪಿಳ್ಳಪ್ಪನವರೇ. ಈ ತಿಂಗಳೊಳಗೆ ಸರಿಹೋಗದಿದ್ರೆ ನಿಮ್ಮ ಏರ್‌ಪೋರ್ಟ್ ಟ್ರಿಪ್ಪಿನ ನಂಬರ್ ಬೇರೆಯವರಿಗೆ. ಓನರ್ ಸಾರ್ ಹೇಳಿದಾರೆ."

ಆ ನಂಬರ್ ಹೋದರೆ ನನ್ನ ವ್ಯಾನು ತರಕಾರಿ ಹೊರೋಕೆ ಲಾಯಕ್ಕು.

3 ನವೆಂಬರ್

ಭಾಮೈದ ಜಗನ್ ಊಟಕ್ಕೆ ಬಂದಿದ್ದ. ಹದಿನೇಳನೇ ನಂಬರ್ ಗಾಡಿ ಅವನದು — ಕಂಪನಿಗೆ ಸೇರಿಸಿದ್ದು ನಾನೇ. ಡ್ಯೂಟಿ ಮುಗಿದ ಮೇಲೆ ದಿನಾ ಸುಕನ್ಯನ್ನ ಬೈಯಪ್ಪನಹಳ್ಳಿಗೆ ಬಿಟ್ಟು ಬರ್ತಾನಂತೆ. ಪರೋಪಕಾರಿ.

"ಪಾಪ, ಎಷ್ಟು ಕೂಗ್ತಾಳೆ ಭಾವ ನಿಮ್ಮನ್ನ. ನಂಗೇ ಅಯ್ಯೋ ಅನ್ಸುತ್ತೆ."

"ನಿನ್ನ ಸೆಟ್ಟಲ್ಲಿ ಕೇಳ್ಸುತ್ತಾ?"

"ಚೆನ್ನಾಗಿ." ಮುದ್ದೆ ನುಂಗಿದ.

ಆಂಜನಮ್ಮ ತಮ್ಮನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ನನ್ನ ತಟ್ಟೆಗೆ — "ಒಂದು ಡಬ್ಬಾ ರಿಪೇರಿ ಮಾಡ್ಸಕ್ಕಾಗಲ್ಲ ನಿಮ್ಗೆ."

10 ನವೆಂಬರ್

ಶಿವಾಜಿನಗರ, ಅಕ್ತರ್‌ನ ವೈರ್‌ಲೆಸ್ ರಿಪೇರಿ ಅಂಗಡಿ. ಎರಡೂ ಫಿಲ್ಟರ್ ಮಾರಿದವನು ಇವನೇ. ಮೂರನೇದು ಬೇಡ ಅಂದೆ. ಆಗ ತಲೆ ಓಡಿಸಿದ. ಇಂಜಿನ್ ಓಡ್ತಿರುವಾಗಲೇ ಸೆಟ್ಟಿನಿಂದ ಆಂಟೆನಾ ವೈರು ಕಿತ್ತ. ಸದ್ದು ನಿಂತಿತು.

"ಬ್ಯಾಟರಿ ಲೈನಲ್ಲಿ ಬರ್ತಿಲ್ಲ ಭಾಯ್. ಆಂಟೆನಾ ಕಡೆಯಿಂದ ಬರ್ತಿದೆ." ವ್ಯಾನಿನ ಮೇಲೆ ಹತ್ತಿ ಆಂಟೆನಾ ಬಿಚ್ಚಿದ. ಬುಡದ ಕೆಳಗೆ ಹೊಸ ಬಣ್ಣ, ಫಳಫಳ. "ಇದ್ಯಾವಾಗ ಹೊಡಿಸಿದ್ದು?"

"ಆಯುಧಪೂಜೆಗೆ."

"ಬುಡ ಬರೀ ತಗಡಿಗೆ ತಾಗಿದ್ರೇ ಅರ್ಥಿಂಗ್ ಸಿಗೋದು, ಇಲ್ದಿದ್ರೆ ಇಂಜಿನ್ ಸದ್ದೆಲ್ಲ ಎಳ್ಕೊಳ್ಳುತ್ತೆ. ನಿಮ್ದು ಬಣ್ಣದ ಮೇಲೆ ಕೂತದೆ. ಪೂಜೆ ಜಾಸ್ತಿ ಆಯ್ತು ಭಾಯ್!"

ಎಮರಿ ಪೇಪರಲ್ಲಿ ಬಣ್ಣ ಉಜ್ಜಿ ಮತ್ತೆ ಕೂರಿಸಿದ. ಇಂಜಿನ್ ಓಡ್ತಿದೆ, ಸುಕನ್ಯಳ ಬಳೆ ಸದ್ದೂ ಕೇಳ್ತಿದೆ. ನಾನು ಮಾತಾಡಿದ್ದನ್ನ ಅಂಗಡಿಯ ಇನ್ನೊಂದು ಸೆಟ್ಟಲ್ಲಿ ಕೇಳಿಸಿದ. ಸ್ವಚ್ಛ.

13 ನವೆಂಬರ್

ಮಿಕ್ಕವರ ನಂಬರೆಲ್ಲ ಕೇಳ್ತಿವೆ. ಹನ್ನೊಂದು ಅಂತ ಒಂದು ಸಲಾನೂ ಕೂಗಿಲ್ಲ. ಗಂಟಲು ಬಿದ್ದವಳ ಗಂಟಲು ಚೆನ್ನಾಗಿಯೇ ಇದೆ...

14 ನವೆಂಬರ್, ಸಂಜೆ. ವಿಮಾನಪುರ

ಏರ್‌ಪೋರ್ಟ್ ಗೇಟಿನ ಎದುರೇ ಇದ್ದೆ. ಸೆಟ್ಟಲ್ಲಿ ಸುಕನ್ಯ. "ಹದಿನೇಳು, ಏರ್‌ಪೋರ್ಟ್ ಪಾರ್ಟಿ. ಎಲ್ಲಿದೀರ?"

ಜಗನ್. "ಕೆ.ಆರ್. ಪುರ. ಅರ್ಧ ಗಂಟೆ ಆಗುತ್ತೆ."

"ಪರವಾಗಿಲ್ಲ, ಕಾಯ್ತಾರೆ."

ಮೈಕ್ ಎತ್ತಿದೆ. "ಕಂಟ್ರೋಲ್, ಹನ್ನೊಂದು. ಗೇಟಲ್ಲೇ ಇದೀನಿ."

ಬಳೆ ಸದ್ದು ಕೇಳಿಸ್ತು. ಆಮೇಲೆ — "ಹನ್ನೊಂದು, ನಿಮ್ಮ ಮಾತು ಬರ್ತಿಲ್ಲ. ಬರೀ ಇಂಜಿನ್ ಸೌಂಡು."

ವ್ಯಾನಿನ ಕೀ ನನ್ನ ಜೇಬಲ್ಲಿತ್ತು.

30 ನವೆಂಬರ್

'ಸೆಟ್ ರಿಪೇರಿ ಮಾಡಿಸಿಲ್ಲ' ಅಂತ ಬರೆದು ನಂಬರ್ ಕಿತ್ಕೊಂಡ್ರು. ಸೆಟ್ಟೂ ಆಂಟೆನಾನೂ ಬಿಚ್ಕೊಂಡ್ರು. ರಿಪೇರಿ ಆಗಿದೆ ಅಂತ ಸಾರ್ ಹತ್ರ ಹೇಳಿದೆ. ಕಂಟ್ರೋಲ್ ರೂಮ್ ಹೇಳಿದ್ದೇ ಫೈನಲ್ ಅಂತೆ.

ಅಕ್ತರ್‌ಗೆ ಎರಡು ಫಿಲ್ಟರಿನ ವ್ಯಾಪಾರ. ಪೇಂಟರ್‌ಗೆ ಹಬ್ಬದ ಇನಾಮು. ಸುಕನ್ಯಗೆ ದಿನಾ ಮನೆ ಬಾಗಿಲಿನ ತನಕ ಸವಾರಿ. ಜಗನ್‌ಗೆ ನನ್ನ ಏರ್‌ಪೋರ್ಟ್ ನಂಬರ್. ಆಂಜನಮ್ಮನಿಗೆ ತಮ್ಮ ಮುಂದಕ್ಕೆ ಬಂದ ಸಂತೋಷ — ಒಳಗೆ ಹೋಳಿಗೆ ಬೇಯ್ತಿದೆ. ನನಗೆ ವ್ಯಾನಿನ ನೆತ್ತಿ ಮೇಲೆ ಒಂದು ತೂತು.

"ಭಾವಾ, ಬನ್ನಿ, ಆರೋಗುತ್ತೆ!" ಜಗನ್ ಕೂಗ್ತಿದಾನೆ. ಎರಡನೇ ಸಲ. ಏನಂತ ಹೇಳ್ಲಿ. ಹದಿನೇಳು, ನಿಮ್ಮ ಮಾತು ಬರ್ತಿಲ್ಲ, ಬರೀ ಇಂಜಿನ್—