ಮೊದಲು ಬರೆದ ಕಣ್ಣು

ಶುಕ್ರವಾರ, ಸಂಜೆ

ಪ್ರೀತಿಯ ಅಕ್ಕ,

ಬೆಳಿಗ್ಗೆ ಅಪ್ಪ ಕಾಫಿ ಲೋಟ ಕೊಟ್ಟಾಗ ಅವರ ಹೆಬ್ಬೆರಳ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಕಂಡಿತು. ಯಾವ ಚಿತ್ರ ಬರೆದರೂ ಜನ ‘ಇದು ನಿಮ್ಮ ಗುರುಗಳದೇ ಕೈ’ ಅಂದುಬಿಡುತ್ತಾರೆ ಎಂದು ಬೇಸತ್ತು ಕುಂಚ ಬಿಟ್ಟವರು ಅಪ್ಪ. ನಾನು ನೋಡಿದ್ದು ಗೊತ್ತಾಗಿ ಕೈಯನ್ನು ಟವೆಲಿನಲ್ಲಿ ಸುತ್ತಿಕೊಂಡರು. ಬಾಗಿಲಿಗೆ ಬಣ್ಣ ಹಚ್ಚಿದೆ ಕಣೇ ಅಂದರು. ನಮ್ಮ ಮನೆಯ ಯಾವ ಬಾಗಿಲೂ ನೀಲಿ ಅಲ್ಲ.

ಫೋನಿನಲ್ಲಿ ಹೇಳಿದರೆ ಅಪ್ಪನಿಗೆ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾಳೆ ನಮ್ಮ ಗ್ಯಾಲರಿಯಲ್ಲಿ ಪ್ರದರ್ಶನ ಶುರು. ಒಂದು ಗೋಡೆಗೆ ಹಿಂದಿನ ಕಾಲದ ಚಿತ್ರಕಾರರು, ಎದುರು ಗೋಡೆಗೆ ಈಗಿನವರು. ಪ್ರತಿ ಚಿತ್ರದ ಕೆಳಗೆ ಬರೆದವರ ಹೆಸರು, ಅವರ ಶೈಲಿಯ ಬಗ್ಗೆ ಎರಡು ಮಾತು ಇರುವ ಚೀಟಿ ಅಂಟಿಸುವುದು ನನ್ನ ಕೆಲಸ. ಈಗಿನವರಲ್ಲಿ ಒಬ್ಬಳು ಕುಂಚವನ್ನೇ ಮುಟ್ಟುವುದಿಲ್ಲ, ಗಾರೆ ಮೆತ್ತಿದ ಹಾಗೆ ಚಾಕುವಿನಲ್ಲಿ ಬಣ್ಣ ಮೆತ್ತುತ್ತಾಳೆ. ಇನ್ನೊಬ್ಬ ಬಣ್ಣವನ್ನು ನೀರಾಗಿಸಿ ಹರಿಯಬಿಟ್ಟು ಕೈಕಟ್ಟಿ ಕೂರುತ್ತಾನೆ. ಎದುರಿಗೆ, ಹಿಂದಿನವರ ನಡುವೆ, ಅಪ್ಪನ ಗುರುಗಳು. ನೆರಳಿಗೆ ಅವರು ಕಪ್ಪು ಮುಟ್ಟಿದವರಲ್ಲ, ನೀಲಿಯೇ. ಮುಖವೆಲ್ಲ ಒಣಗಿದ ಮೇಲೆ ಕೊನೆಗೆ ಕಣ್ಣು ಬರೆಯುತ್ತಿದ್ದರು. ಚಿತ್ರದ ಮೇಲೆ ಹೆಸರು ಮಾತ್ರ ಎಂದೂ ಹಾಕಲಿಲ್ಲ.

ಈ ವಾರ ಗ್ಯಾಲರಿಯ ಯಜಮಾನರು ಗುರುಗಳದೆಂದು ಇನ್ನೊಂದು ಚಿತ್ರ ತಂದು ತೂಗುಹಾಕಿಸಿದರು. ಯಾರದೋ ಅಟ್ಟದಲ್ಲಿ ಸಿಕ್ಕಿತಂತೆ. ಕಿಟಕಿಯ ಬಳಿ ಕುಳಿತ ಹೆಂಗಸು, ಅದೇ ನೀಲಿ ನೆರಳು. ಇವತ್ತು ಮಧ್ಯಾಹ್ನ ಹತ್ತಿರ ಹೋಗಿ ನೋಡಿದೆ. ರೆಪ್ಪೆಯ ಬಣ್ಣ ಕಣ್ಣಿನ ಅಂಚಿನ ಮೇಲೆ ಹತ್ತಿ ಕೂತಿದೆ. ಅಂದರೆ ಕಣ್ಣು ಮೊದಲು, ಮುಖ ಆಮೇಲೆ. ಚಿಕ್ಕಂದಿನಲ್ಲಿ ಅಪ್ಪ ಹೇಳುತ್ತಿದ್ದರಲ್ಲ, ಮೊದ್ಲು ಕಣ್ಣು ಬರೀರೇ, ಅದು ನಿಮ್ಮನ್ನ ನೋಡೋಕೆ ಶುರು ಮಾಡಿದ್ರೆ ಮುಖ ತಾನಾಗೇ ಬರುತ್ತೆ ಅಂತ. ಗುರುಗಳ ಜೊತೆ ಅವರು ಜಗಳವಾಡಿದ್ದು ಅದೊಂದಕ್ಕೇ.

ತಟ್ಟನೆ ತಿರುಗಿದೆ. ಹಿಂದೆ ಯಜಮಾನರು ನಿಂತಿದ್ದರು. ಏನಮ್ಮಾ, ಚಿತ್ರ ನೋಡ್ತಿದೀಯೋ ಮೂಸ್ತಿದೀಯೋ ಅಂದು ನಕ್ಕರು. ಆಮೇಲೆ ದನಿ ತಗ್ಗಿಸಿ, ನಿಮ್ಮಪ್ಪನ ಕೈ ಚೆನ್ನಾಗಿದೆ, ಆ ಕೈಗೆ ಬೇಡಿ ಬೀಳೋದು ನಿಂಗೂ ಬೇಡ ನಂಗೂ ಬೇಡ, ಗುರುಗಳ ಹೆಸರು ಹಾಕಿ ಚೀಟಿ ಚೆನ್ನಾಗಿ ಬರಿ ಅಂದರು. ಹೂಂ ಸಾರ್ ಅಂದೆ. ಮೂಗಿ ಅಂತ ನೀನೇ ಹೆಸರಿಟ್ಟ ನನ್ನ ಬಾಯಿಂದ ಬೇರೇನು ಬರುತ್ತೆ, ಹೇಳು.

ಚಿತ್ರ ಗೋಡೆ ಹತ್ತಿ ಆಗಿದೆ, ಅಕ್ಕ. ಉಗುರಿನ ನೀಲಿ ಮಾತ್ರ ಹಸಿಯಾಗಿತ್ತು. ಅಂದರೆ ಅಪ್ಪ ಅಂಥದೇ ಎರಡನೆಯ ಚಿತ್ರ ಶುರುಮಾಡಿದ್ದಾರೆ.

ನಾಳೆ ಕೊಳ್ಳುವವರು ಬರುತ್ತಾರೆ. ಗುರುಗಳದೆಂದು ಒಮ್ಮೆ ಮಾರಾಟವಾದರೆ ಅಪ್ಪ ಜೀವನಪೂರ್ತಿ ಯಜಮಾನರ ಮುಷ್ಟಿಯಲ್ಲಿ. ಈಗ ತಾನೇ ಪಕ್ಕದ ಮನೆಯವರು ಬಾಗಿಲು ಬಡಿದಾಗಲೂ ಪೊಲೀಸರೇ ಅಂದುಕೊಂಡು ಈ ಕಾಗದವನ್ನು ದಿಂಬಿನಡಿ ತಳ್ಳಿದೆ.

ಗುರುವಿನ ಹಾಗೆ ಬರೆದರೆ ಯಾರೂ ಹಿಡಿಯುವುದಿಲ್ಲ. ಗುರುವೇ ಬರೆದದ್ದು ಎಂದು ಮಾರಿದರೆ ಹಿಡಿಯುತ್ತಾರೆ. ಕೊಳ್ಳುವವರಿಗೆ ಹಾಗೆಂದು ಹೇಳಬೇಕಾದದ್ದು ನನ್ನ ಚೀಟಿಯೇ. ಅದಕ್ಕೇ ಎರಡು ಚೀಟಿ ಬರೆದಿದ್ದೇನೆ. ಯಜಮಾನರಿಗೆ ತೋರಿಸಿದ್ದು ಒಂದು. ನಾಳೆ ಜನ ಒಳಗೆ ಬರುವ ಹೊತ್ತಿಗೆ ಅಂಟಿಸುವುದು ಇನ್ನೊಂದು. ಅದರಲ್ಲಿ ಅಪ್ಪನ ಹೆಸರಿದೆ. ಕೆಳಗೆ, ‘ಗುರುವಿನ ನೀಲಿ, ಶಿಷ್ಯನ ಕಣ್ಣು’ ಎಂದಿದೆ. ಕೆಲಸ ಹೋಗುತ್ತೆ, ಹೋಗಲಿ. ಚೀಟಿ ನೆಟ್ಟಗೆ ಅಂಟಿದರೆ ಸಾಕು.

ನಿನ್ನ,
ಮೂಗಿ

ತಾ.ಕ.: ಅಪ್ಪ ಒಳಗೆ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾರೆ. ನಾಳೆ ನಾನೂ ಬರ್ತೀನಿ ಕಣೇ, ಹಿಂದೆ ಮೂಲೇಲಿ ನಿಂತ್ಕೊಂಡು ಜನ ಹೇಗೆ ನೋಡ್ತಾರೆ ಅಂತ ನೋಡ್ಬೇಕು ಅಂದರು. ಯಾವ ಚಿತ್ರವನ್ನು ಎಂದು ನಾನು ಕೇಳಲಿಲ್ಲ. ಚೀಟಿಯ ವಿಷಯ ಹೇಳಲೂ ಇಲ್ಲ.